ಉಚ್ಚೆಂಗೆಪ್ಪನ ಅಳತೆ ದಾರ

ದಾಕ್ಷಾಯಣಮ್ಮ ಉಚ್ಚೆಂಗೆಪ್ಪನನ್ನು ಮೊದಲು ಕಂಡದ್ದು ಅತ್ತೆ ತೀರಿಕೊಂಡ ದಿನ. ಕುರುಗೋಡಿನಿಂದ ರಾರಾವಿಗೆ ಸೊಸೆಯಾಗಿ ಬಂದು, ಮದುವೆಯ ಹಸಿರು ಬಳೆ ಇನ್ನೂ ಕೈತುಂಬ ಇದ್ದ ಕಾಲ ಅದು. ಅತ್ತೆಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೆಂಗಸರು ಸುತ್ತ ಕೂತು ಹಾಡಿಕೊಂಡು ಅಳುತ್ತಿದ್ದರು. ಆಗ ಅಂಗಳದಾಚೆಯಿಂದ ಒಂದು ದನಿ ಬಂತು.

“ಅಳತಿ ಕೊಡ್ರೆವ್ವಾ.”

ಸಲಿಕೆ ನೆಲಕ್ಕೂರಿ ಒಬ್ಬ ಎಳೆಯ ಆಳು ನಿಂತಿದ್ದ. ಮೀಸೆ ಆಗಷ್ಟೇ ಕಪ್ಪಾಗಿತ್ತು. ದಾಕ್ಷಾಯಣಮ್ಮನ ಪೈಕಿಯಲ್ಲಿ ಸತ್ತವರನ್ನು ಕುಣಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂಡಿಸಿ ಮಣ್ಣು ಕೊಡುವುದು. ಕುಣಿಯ ಉದ್ದಗಲವನ್ನು ಸತ್ತವರ ಪಾದದಿಂದಲೇ ಲೆಕ್ಕ ಹಿಡಿಯುವುದು. ತೋಡುವವನು ಉಚ್ಚೆಂಗೆಪ್ಪ. ಆದರೆ ಅವನು ಆ ಮನೆಯ ಹೊಸಿಲು ದಾಟುವಂತಿರಲಿಲ್ಲ, ಹೆಣ ಮುಟ್ಟುವಂತಿರಲಿಲ್ಲ. ಅದಕ್ಕೆ ಮನೆಯ ಕಿರಿಸೊಸೆ ದಾರ ಹಿಡಿದು ಪಾದ ಅಳೆದು, ಗಂಟು ಹಾಕಿ, ಅಂಗಳದ ಕಲ್ಲಿನ ಮೇಲೆ ಇಡಬೇಕು. ಅವನು ಎತ್ತಿಕೊಳ್ಳಬೇಕು.

ದಾಕ್ಷಾಯಣಮ್ಮ ಅವಸರದಲ್ಲಿ ಅಳೆದು ತಂದಿಟ್ಟಳು. ಅವನು ದಾರ ಎತ್ತಿ ಎಳೆದು ನೋಡಿ, “ಯವ್ವಾ, ಹಿಮ್ಮಡ ಬಿಟ್ಟೀರಿ,” ಅಂದ.

“ನೀನೇನ ಒಳಗ ಬಂದು ನೋಡೀಯೇನು?”

“ದೊಡ್ಡಮ್ಮಾರು ದಿನಾ ನಮ್ಮ ಓಣಿ ಮುಂದ ಹಾದು ಹೊಲಕ್ಕ ಹೋಗ್ತಿದ್ರು. ಧೂಳಾಗ ಅವರ ಹೆಜ್ಜಿ ನೋಡೀನಿ. ಇದು ಸಣ್ಣದಾತು.”

ಅವಳು ಒಳಗೆ ಹೋಗಿ ಮತ್ತೆ ಅಳೆದಳು. ಹಿಮ್ಮಡ ಬಿಟ್ಟೇ ಹೋಗಿತ್ತು.

ಸಂಜೆ ಮಣ್ಣಾದ ಮೇಲೆ ಅವಳ ಮಾವ ಸೇಂದಿ ಗಡಿಗೆಯೊಂದನ್ನು ಬೇಲಿಯ ಹೊರಗೆ ಇಡಿಸಿದರು. ಆ ಮನೆಯಲ್ಲಿ ಸೇಂದಿಯ ವಾಸನೆ ಬಂದರೂ ನೆಲ ಸಾರಿಸುತ್ತಿದ್ದರು. ಆದರೆ ಕುಣಿ ತೋಡಿದವನನ್ನು ಕುಡಿಸದೆ ಕಳಿಸಿದರೆ ಸತ್ತವರಿಗೆ ನೀರಡಿಕೆ ಹೋಗುವುದಿಲ್ಲ ಅನ್ನುವುದು ಊರಿನ ಮಾತು. ಉಚ್ಚೆಂಗೆಪ್ಪನಿಗೂ ತನ್ನದೊಂದು ಕಟ್ಟು ಇತ್ತು: ಕುಣಿ ಮುಗಿಯುವ ತನಕ ಹನಿ ಮುಟ್ಟುತ್ತಿರಲಿಲ್ಲ, ಮುಗಿದ ಮೇಲೆ ಗಡಿಗೆಯಲ್ಲಿ ಹನಿ ಬಿಡುತ್ತಿರಲಿಲ್ಲ.

ಆಮೇಲೆ ಸೇಂದಿ ಹೋಗಿ ಸಾರಾಯಿ ಪಾಕೀಟು ಬಂತು. ಪಾಕೀಟು ಹೋಗಿ ವಿಸ್ಕಿಯ ರಟ್ಟಿನ ಡಬ್ಬಿ ಬಂತು. ಊರಿನಲ್ಲಿ ಯಾರು ಸತ್ತರೂ ಅದರ ಪಾಲು ಉಚ್ಚೆಂಗೆಪ್ಪನ ಹೊಟ್ಟೆಗೆ ಹೋಯಿತು. ಸಾವಿಲ್ಲದ ದಿನವೂ ಹೊಟ್ಟೆ ಕೇಳತೊಡಗಿತು. ಹೆಂಡತಿ ಬೈದಳು, ಅತ್ತಳು, ಕಡೆಗೆ ತಾನೇ ತೀರಿಹೋದಳು. ಅವಳ ಕುಣಿಯನ್ನೂ ಅವನೇ ತೋಡಿದ.

ಆ ಊರಿನಲ್ಲಿ ಉಳ್ಳವರು ಗೋರಿಗೆ ಕಲ್ಲು ಹಾಕಿಸುತ್ತಾರೆ. ಉಳಿದವರಿಗೆ ಉಚ್ಚೆಂಗೆಪ್ಪನ ತಲೆಯೇ ಕಲ್ಲು. ಯಾರ ಮನೆಯಲ್ಲಿ ಸಾವಾದರೂ, “ನಮ್ಮಪ್ಪನ ಬಾಜೂಕ ತೋಡೋ,” ಅಂದರೆ ಸಾಕು. ಅವನು ಹೋಗಿ ಸಲಿಕೆ ಊರಿದ ಜಾಗದ ಪಕ್ಕದಲ್ಲೇ ಅಪ್ಪ ಇರುತ್ತಿದ್ದ. ಯಾರೂ ಗುರುತು ಇಟ್ಟುಕೊಳ್ಳಲಿಲ್ಲ. ಅವನಿದ್ದಾನಲ್ಲ ಅಂತ ಬಿಟ್ಟರು. ದಾಕ್ಷಾಯಣಮ್ಮನೂ ಹಾಗೇ ಬಿಟ್ಟಳು.

ಎರಡು ಸಾವಿರದ ಒಂಬತ್ತರಲ್ಲಿ ಹೊಳೆ ಊರೊಳಗೆ ಬಂತು. ಹೆಂಗಸರನ್ನೂ ಮಕ್ಕಳನ್ನೂ ಸಿರುಗುಪ್ಪದ ಸಾಲೆಯೊಂದಕ್ಕೆ ಸಾಗಿಸಿದರು. ದಾಕ್ಷಾಯಣಮ್ಮನ ಗಂಡ ಮರಿಬಸಪ್ಪ ಮತ್ತು ಮೈದುನ ದೊಡ್ಡಬಸವರಾಜ ದನಗಳನ್ನು ಹೊಡೆದುಕೊಂಡು ಊರ ಹಿಂದಿನ ದಿಬ್ಬ ಹತ್ತಿದರು. ಅಲ್ಲೇ ಮಳೆಯಲ್ಲಿ ಮರಿಬಸಪ್ಪನಿಗೆ ಎದೆ ಹಿಡಿದು ಜೀವ ಹೋಯಿತು. ರುದ್ರಭೂಮಿ ನೀರಿನಡಿ ಇತ್ತು. ಉಚ್ಚೆಂಗೆಪ್ಪ ದಿಬ್ಬದ ಮೇಲೆಯೇ ಕುಣಿ ತೋಡಿದ. ಇವಳು ಸಾಲೆಯಲ್ಲಿ ಗಂಜಿಯ ಸಾಲಿನಲ್ಲಿ ನಿಂತಿದ್ದಾಗ ಸುದ್ದಿ ಬಂತು.

ಸೂತಕ ಕಳೆಯುವಷ್ಟರಲ್ಲಿ ಅವಳೂ ಜ್ವರ ಹಿಡಿದು ಕುರುಗೋಡಿನ ತವರು ಸೇರಿದಳು. ತಿಂಗಳುಗಟ್ಟಲೆ ಕಳೆದು ತಿರುಗಿ ಬಂದಾಗ ದಿಬ್ಬದ ತುಂಬ ಬಳ್ಳಾರಿ ಜಾಲಿ ಎದ್ದಿತ್ತು. ಉಚ್ಚೆಂಗೆಪ್ಪ ಬೇಲಿಯ ಹೊರಗೆ ಕೂತು ಹೇಳಿದ್ದ: “ಎಲ್ಲಿ ಇಟ್ಟೀನಿ ಅಂತ ನನಗ ಗೊತ್ತೈತಿ, ಚಿಂತಿ ಬ್ಯಾಡ್ರೆವ್ವಾ. ನಿಮ್ಮನ್ನೂ ಅವರ ಬಾಜೂಕ ಕೂಡಸ್ತೀನಿ.”

“ನನಗಿಂತ ಮೊದಲ ನೀನ ಹೋದ್ರ?”

“ಹೋಗಾಕ ಬಿಡ್ತಾರೇನು? ಊರಾಗ ಇಷ್ಟು ಮಂದಿ ಬಾಕಿ ಅದಾರ.”

ಅವಳು ನಕ್ಕಳು. ಆವತ್ತಿನಿಂದ ಅವಳಿಗೆ ಉಳಿದ ಆಸೆ ಅದೊಂದೇ. ಮಕ್ಕಳಿಲ್ಲ. ಗಂಡನ ಪಕ್ಕದ ಮಣ್ಣು ಸಿಕ್ಕರೆ ಸಾಕು. ದೊಡ್ಡಬಸವರಾಜನೂ ತೀರಿಕೊಂಡ ಮೇಲೆ ಆ ಜಾಗ ಬಲ್ಲ ತಲೆ ಒಂದೇ ಉಳಿಯಿತು.

ಉಚ್ಚೆಂಗೆಪ್ಪನ ನೆನಪು ಮೊದಲು ತಪ್ಪಿದ್ದು ಸಣ್ಣದರಲ್ಲಿ. ಚಹಾ ಕುಡಿದು ಲೋಟ ಇಟ್ಟವನು, “ಇವತ್ತ ಚಾ ಇಲ್ಲೇನ್ರೆವ್ವಾ?” ಅನ್ನುತ್ತಿದ್ದ. ಸತ್ತುಹೋದ ಹೆಂಡತಿಗೆ ಅಂತ ಎಲೆಯಡಿಕೆ ಕೇಳಿ ಒಯ್ಯುತ್ತಿದ್ದ. ಕುಡಿದಾನ ಬಿಡು ಅಂದರು ಜನ. ವಯಸ್ಸಾತು ಬಿಡು ಅಂದರು. ಎರಡೂ ನಿಜವೇ ಇತ್ತು. ಎರಡೂ ಒಂದೇ ತಲೆಯನ್ನು ಎರಡು ಕಡೆಯಿಂದ ಮೇಯುತ್ತಿವೆ ಅಂತ ಯಾರಿಗೂ ಹೊಳೆಯಲಿಲ್ಲ.

ಆಮೇಲೊಂದು ದಿನ ಹೊಸ ಕುಣಿ ತೋಡುವಾಗ ಅವನ ಸಲಿಕೆ ಪಕ್ಕದ ಗೂಡಿನೊಳಗೆ ಹೊಕ್ಕಿತು. ಒಳಗೆ ಯಾರೋ ಕೂತೇ ಇದ್ದರು. ತಲೆ ಎದೆಯ ಮೇಲೆ ಬಾಗಿತ್ತು. ಗಂಡಸರು ಹಿಂದೆ ಸರಿದರು. ಉಚ್ಚೆಂಗೆಪ್ಪ ಮಾತ್ರ ಅಂಚಿನಲ್ಲಿ ಬಗ್ಗಿ, “ಯಾರ್ ನೀ?” ಅಂತ ಕೇಳಿದನಂತೆ. ಅದನ್ನು ಹೇಳಿದವರು ದನಿ ತಗ್ಗಿಸಿಯೇ ಹೇಳಿದರು. ಅವತ್ತು ಅವನು ತೋಡುವ ಮೊದಲೇ ಕುಡಿದಿದ್ದ. ಮುಂದಿನ ಸಾವಿಗೆ ಜೇಸಿಬಿ ಬಂತು.

ಕೆಲಸ ಬಿಟ್ಟಿತು, ದಾರ ಬಿಡಲಿಲ್ಲ. ಬಾಗಿಲು ಬಾಗಿಲಿಗೆ ಹೋಗಿ ಬದುಕಿದ್ದವರನ್ನೇ “ಅಳತಿ ಕೊಡ್ರೆವ್ವಾ” ಅಂತ ಕೇಳತೊಡಗಿದ. ಅವನು ಬರುವುದು ಕಂಡರೆ ಕಟ್ಟೆಯ ಮೇಲೆ ಕೂತವರು ಕಾಲು ಒಳಗೆ ಎಳೆದುಕೊಳ್ಳುತ್ತಿದ್ದರು. ಜ್ವರದಲ್ಲಿ ಮಲಗಿದ್ದ ಜಡೆಮ್ಮ ಕಸಬರಿಗೆ ಹಿಡಿದು ಎದ್ದಳು.

“ಲೇ ಮೂಳಾ, ನನ್ನ ಮೊಮ್ಮಗನ ಮದುವಿ ನೋಡಬೇಕಂತ ಅದೀನಿ, ಅಳತಿ ಕೇಳ್ತಿ? ಮೊದಲ ನಿನ್ನ ಕಾಲ ಅಳಕೋ!”

ನೆರೆಯವರು ನಕ್ಕರು. ಜಡೆಮ್ಮನ ಜ್ವರ ಕಸಬರಿಗೆಗೆ ಹೆದರಿ ಓಡಿತು ಅಂದರು. ಅದೇ ಶ್ರಾವಣದಲ್ಲಿ ಜಡೆಮ್ಮ ತೀರಿಕೊಂಡಳು. ಮತ್ತೆ ಯಾರೂ ನಗಲಿಲ್ಲ.

ದಾಕ್ಷಾಯಣಮ್ಮನ ಅಂಜಿಕೆ ಬೇರೆಯೇ ಇತ್ತು: ಗಂಡನ ಜಾಗವೂ ಅವನ ತಲೆಯಿಂದ ಹೋದರೆ? ಅವಳು ಅವನನ್ನು ದಿಬ್ಬಕ್ಕೆ ಕರೆದೊಯ್ದಳು. “ತೋರಸಪ್ಪಾ,” ಅಂದಳು. ಅವನು ನೆಟ್ಟಗೆ ನಡೆದು ಒಂದು ಕವಲು ಜಾಲಿಯ ಬುಡಕ್ಕೆ ಕೈ ಮಾಡಿದ. “ಇಲ್ಲೇ. ಮಳಿ ಹೊಡೀತಿತ್ತು. ದೊಡ್ಡಬಸವರಾಜಪ್ಪಾರು ಕೌದಿ ಹಿಡದು ನಿಂತಿದ್ರು.” ಅವಳ ಕಣ್ಣು ತುಂಬಿತು. ಅಲ್ಲೊಂದು ಕಲ್ಲು ಇಟ್ಟು ಬಂದಳು.

ಆದರೂ ಮನಸ್ಸು ತಡೆಯದೆ ಮುಂದಿನ ಸೋಮವಾರ ಮತ್ತೆ ಕರೆದೊಯ್ದಳು. ಅವನು ಕಲ್ಲು ದಾಟಿ ಹೋಗಿ ಹುಣಸೆಯ ಮೋಟಿನ ಹತ್ತಿರ ನಿಂತ. “ಇಲ್ಲೇ. ಬೆಳದಿಂಗಳಿತ್ತು. ಒಬ್ಬಾವನ ತೋಡಿದೆ.” ಮೂರನೆಯ ಸಲ ಕಾಲುವೆಯ ತೂಬಿನ ಪಕ್ಕ ತೋರಿಸಿದ. ತೂಬು ಕಟ್ಟಿದ್ದು ಹೊಳೆ ಬಂದುಹೋದ ಎಷ್ಟೋ ವರ್ಷದ ಮೇಲೆ. ಮೂರು ಸಲವೂ ದನಿ ಅಲುಗಲಿಲ್ಲ, ಕಣ್ಣು ತಪ್ಪಿಸಲಿಲ್ಲ.

“ನಮ್ಮ ಯಜಮಾನ್ರ ಪಾದ ಹೆಂಗಿತ್ತು, ಹೇಳು,” ಅಂದಳು ಕಡೆಗೆ.

“ಎಡಗಾಲಿಗೆ ಕಿರಿಬೆರಳಿದ್ದಿಲ್ಲ. ಎತ್ತು ತುಳಿದಿತ್ತು.”

ಅದು ನಿಜ. ಪಾದ ಅವನಲ್ಲಿ ಉಳಿದಿತ್ತು. ಜಾಗ ಹೋಗಿತ್ತು.

ಅವನ ಮಗಳು ಸುಮಂಗಲಾ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದಳು. ಸುದ್ದಿ ತಿಳಿದು ಬಂದು, ಅಪ್ಪನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ದಾಕ್ಷಾಯಣಮ್ಮನೂ ಬಸ್ಸು ಹತ್ತಿದಳು. ಒಮ್ಮೆಲೇ ಕುಡಿತ ಬಿಡಿಸಿದರೆ ಜೀವಕ್ಕೇ ಅಪಾಯ ಅಂತ ಅವನನ್ನು ಅಲ್ಲೇ ಇಟ್ಟುಕೊಂಡರು. ಎರಡನೆಯ ದಿನ ಅವನು ಹಾಸಿಗೆಯ ಬಟ್ಟೆಯಿಂದ ಇರುವೆ ಆರಿಸತೊಡಗಿದ. ಇರುವೆ ಇರಲಿಲ್ಲ. “ಗೂಡಿನಿಂದ ಬರಾಕತ್ತಾವು, ಮಣ್ಣು ಹಾಕ್ರಿ, ಮಣ್ಣು ಹಾಕ್ರಿ,” ಅಂತ ಚೀರಿದ. ಪಕ್ಕದ ಮಂಚದ ರೋಗಿ ಎದ್ದು ವರಾಂಡಕ್ಕೆ ಹೋಗಿ ಮಲಗಿದ.

ಅವನು ಶಾಂತನಾದ ಮೇಲೆ ಡಾಕ್ಟರಮ್ಮ ತಲೆಯ ಫೋಟೊ ಬೆಳಕಿಗೆ ಹಿಡಿದಳು.

“ಒಣ ಕೊಬ್ಬರಿ ಚಿಪ್ಪು ಬಿಟ್ಟು ಹೆಂಗ ಸರೀತೈತಿ, ಹಂಗ ಸರದೈತಿ ನೋಡ್ರಿ ಮೆದುಳು. ವಯಸ್ಸಾದ್ರ ಎಲ್ಲಾರ್ದೂ ಒಂದೀಟು ಸರೀತೈತಿ. ಇವರದು ಕುಡಿತಕ್ಕ ಭಾಳ ಮುಂದ ಓಡೈತಿ. ಕುಡಿಯೋರು ಹೊಟ್ಟಿಗಿ ಸರಿಯಾಗಿ ಉಣ್ಣಂಗಿಲ್ಲ. ಮೆದುಳಿಗಿ ಬೇಕಾದ ಸತ್ವ ಸಿಗಂಗಿಲ್ಲ. ಮೊದಲ ಹೋಗೋದು ನೆನಪು.”

“ಮತ್ತ ಮೂರು ಸಲ ಮೂರು ಜಾಗಾ ಯಾಕ ತೋರಿಸಿದ? ನನ್ನ ಕೂಡ ಸುಳ್ಳಾಡಿದನೇನು?” ಅಂದಳು ದಾಕ್ಷಾಯಣಮ್ಮ.

“ಸುಳ್ಳಲ್ಲಮ್ಮ. ನೆನಪಿನಾಗ ತೂತು ಬಿದ್ದ ಕಡಿ ಮೆದುಳು ತಾನ ತ್ಯಾಪಿ ಹಚ್ಚತೈತಿ. ಹಚ್ಚಿದ್ದು ಅವರಿಗೇ ಗೊತ್ತಾಗಂಗಿಲ್ಲ.”

“ಕುಡಿಯೋದು ಬಿಟ್ರ ತಿರುಗಿ ಬರ್ತೈತೇನ್ರಿ?”

“ಕೆಲವು ಬರ್ತಾವು. ಕೆಲವು ಬರಂಗಿಲ್ಲ. ಕುಡಿದ್ರ ಮಾತ್ರ ಉಳಿದದ್ದೂ ಹೋಗತೈತಿ.”

ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅನ್ನುವುದನ್ನು ಡಾಕ್ಟರಮ್ಮ ಹೇಳಲಿಲ್ಲ.

ಸುಮಂಗಲಾ ಹೊಲಿಗೆ ಮಿಷನ್ನು ಹೊತ್ತುಕೊಂಡು ಊರಿಗೆ ಬಂದು ಅಪ್ಪನ ಜತೆ ನಿಂತಳು. ಅವನ ಕೈ ನಡುಕ ನಿಂತಿತು. ಮೈಗೆ ಮಾಂಸ ಹತ್ತಿತು. ಮಗಳ ಹೆಸರು ಹಿಡಿದು ಕರೆದ. ದಾಕ್ಷಾಯಣಮ್ಮನಿಗೆ ಆಸೆ ಚಿಗುರಿತು. ವಾರಕ್ಕೊಮ್ಮೆ ಹೋಗಿ ಕೂತು ಕೇಳುತ್ತಿದ್ದಳು. ಪ್ರತಿ ಸಲವೂ ಹೊಸ ಜಾಗ, ಹೊಸ ಮಳೆ, ಹೊಸ ಬೆಳದಿಂಗಳು. ಅವಳಿಗೂ ಉಸಿರು ಸಾಲದಾಗಿತ್ತು. ಎರಡು ಮೆಟ್ಟಿಲು ಹತ್ತಿದರೆ ಎದೆ ತಿದಿಯಾಗುತ್ತಿತ್ತು.

ಇದನ್ನು ನೋಡುತ್ತಿದ್ದವನು ಮೈದುನನ ಮಗ ಕರಿಬಸವ. ಒಂದು ಮಧ್ಯಾಹ್ನ ಸಿರುಗುಪ್ಪದಿಂದ ಬಂದವನು ಅವಳ ಕೈಗೆ ರಟ್ಟಿನ ಡಬ್ಬಿಯೊಂದನ್ನು ಇಟ್ಟ.

“ದೊಡ್ಡವ್ವಾ, ಇದನ್ನ ಒಂದ ಗುಟುಕು ಹಾಕು. ಬಾಯಿ ತಾನ ಬಿಡ್ತಾನ. ಅವತ್ತ ಕುಣಿ ಮುಚ್ಚಿ ಕುಡದಾವ ಅಲ್ಲೇನು? ಕುಡದ್ರನ ನೆನಪಾಗೋದು.”

“ಡಾಕ್ಟರಮ್ಮ ಹೇಳ್ಯಾಳಲ್ಲಪ್ಪಾ, ಉಳಿದದ್ದೂ ಹೋಗತೈತಿ ಅಂತ.”

“ಅವನ ಹತ್ರ ಉಳಿದದ್ದು ಏನೈತಿ? ನಿನಗ ಎಷ್ಟು ದಿನ ಉಳದಾವು, ಅದನ್ನ ನೋಡಿಕೋ.”

ಅವಳು ಡಬ್ಬಿ ಹಿಡಿದು ಎದ್ದಳು. ಆ ಮನೆತನದಲ್ಲಿ ಹೆಂಗಸು ಹೆಂಡ ಮುಟ್ಟಿದ್ದು ಅದೇ ಮೊದಲು. ಸೆರಗಿನಡಿ ಹಿಡಿದುಕೊಂಡು ಅವನ ಓಣಿಗೆ ನಡೆದಳು. ಡಬ್ಬಿ ಬೆಚ್ಚಗಿತ್ತು, ಬಿಸಿಲಿಗೋ ಮೈಯ ಕಾವಿಗೋ.

ಉಚ್ಚೆಂಗೆಪ್ಪ ಬೇವಿನ ನೆರಳಿನಲ್ಲಿ ಕೂತಿದ್ದ. ಒಳಗೆ ಮಿಷನ್ನಿನ ಸದ್ದು. ಅವಳು ಕಟ್ಟೆಯ ಮೇಲೆ ಕೂತು ಉಸಿರು ತಿರುಗಿಸಿಕೊಂಡಳು. ಬಾಯಿ ತೆರೆಯುವ ಮೊದಲೇ ಅವನ ಮೂಗು ಅರಳಿತು. ಡಬ್ಬಿ ಮುಚ್ಚಿಯೇ ಇತ್ತು. ಆದರೂ ಕಣ್ಣು ಸೆರಗಿಗೆ ಅಂಟಿತು. ಆ ಕಣ್ಣಿನಲ್ಲಿ ಮಗಳಿರಲಿಲ್ಲ, ದಾಕ್ಷಾಯಣಮ್ಮ ಇರಲಿಲ್ಲ.

“ಕೊಡು,” ಅಂದ. ಯಾವತ್ತೂ ರೀ ಬಿಟ್ಟು ಆಡದವನು. “ಕೊಡು. ತೋರಸ್ತೀನಿ. ಎಲ್ಲಿ ಬೇಕಂತಿ ಅಲ್ಲಿ ತೋರಸ್ತೀನಿ.”

ಎಲ್ಲಿ ಬೇಕಂತಿ ಅಲ್ಲಿ. ಅವಳಿಗೆ ತಿಳಿಯಿತು. ಈಗ ಇವನ ಬಾಯಿಂದ ಬರುವುದು ಡಬ್ಬಿಯ ಉತ್ತರ. ಅದಕ್ಕೆ ಬದಲಾಗಿ ಮಗಳ ಹೆಸರು ಹೋಗುತ್ತದೆ, ಮರಿಬಸಪ್ಪನ ಪಾದವೂ ಹೋಗುತ್ತದೆ. ಆಮೇಲೆ ಆ ಪಾದ ಬಲ್ಲವರು ಈ ಲೋಕದಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ.

ಡಬ್ಬಿಯ ಮೂಲೆ ಹಲ್ಲಿನಿಂದ ಹರಿದು ಬೇವಿನ ಬುಡಕ್ಕೆ ಸುರಿದಳು. ಅವನು ಮುಂದಕ್ಕೆ ಬಿದ್ದು ಎರಡೂ ಅಂಗೈ ಮಣ್ಣಿಗೆ ಒತ್ತಿದ. ಒದ್ದೆ ಮಣ್ಣು ಹಿಡಿಯಲ್ಲಿ ಎತ್ತಿ ಮೂಗಿಗೆ ಹಿಡಿದ. ಅವಳು ಹೆದರಿ ಸುಮಂಗಲಾಳನ್ನು ಕೂಗಬೇಕು ಅನ್ನುವಷ್ಟರಲ್ಲಿ ಅವನ ಮುಖ ಸಡಿಲಾಯಿತು. ಕೈಯಲ್ಲಿ ಮಣ್ಣು ಯಾಕಿದೆ ಅನ್ನುವುದೇ ಅವನಿಗೆ ಮರೆತಿತ್ತು. ಮಣ್ಣು ಕಂಡವನಿಗೆ ಬೇರೆ ಏನೋ ನೆನಪಾಯಿತು. ರುಮಾಲಿನ ಮಡಿಕೆಯಿಂದ ದಾರ ತೆಗೆದ.

“ಪಾದ ಚಾಚ್ರೆವ್ವಾ.”

ಊರೆಲ್ಲ ಕಾಲು ಎಳೆದುಕೊಂಡ ಮಾತು ಅದು. ದಾಕ್ಷಾಯಣಮ್ಮ ಬಲಗಾಲು ಚಾಚಿದಳು.

ಅವನು ಅವಳ ಪಾದ ಎತ್ತಿ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ. ಕಲ್ಲಿನ ಮೇಲೆ ಇಟ್ಟು ಎತ್ತಿಕೊಳ್ಳುವ ಪದ್ಧತಿ, ಹೊಸಿಲು, ಬೇಲಿ, ಯಾವುದೂ ಅವನಿಗೆ ನೆನಪಿರಲಿಲ್ಲ. ಅವನ ಬೆರಳು ತಣ್ಣಗಿದ್ದವು, ನಡುಗಲಿಲ್ಲ. ಹಿಮ್ಮಡದ ತುದಿಗೆ ದಾರ ಒತ್ತಿ ಹಿಡಿದು, ಅಂಗಾಲಿನಗುಂಟ ಎಳೆದು, ಹೆಬ್ಬೆರಳಿಗೆ ತಂದು ಗಂಟು ಹಾಕಿದ. ಹಿಮ್ಮಡ ಬಿಡಲಿಲ್ಲ. ಗಂಟನ್ನು ಜಗ್ಗಿ ನೋಡಿ, ಮೊದಲ ದಿನ ಅಂಗಳದಲ್ಲಿ ನಿಂತು ನೋಡಿದ ಹಾಗೆಯೇ ಅವಳ ಮುಖ ನೋಡಿದ.

“ಅಳತಿ ಆತು. ನಿಮ್ಮ ಯಜಮಾನ್ರ ಬಾಜೂಕ ತೋಡ್ತೀನಿ ಅಂತ ಮಾತು ಕೊಟ್ಟೀನಲ್ರೆವ್ವಾ,” ಅಂದ. ಸಲಿಕೆಗಾಗಿ ಗೋಡೆಯತ್ತ ಕೈ ಚಾಚಿದವನು ತಡೆದು, ಇವಳ ಕಡೆ ತಿರುಗಿದ. “ಅವರನ್ನ ಎಲ್ಲಿ ಇಟ್ಟೀವಿ? ನೀವಾದ್ರೂ ಹೇಳ್ರೆವ್ವಾ.”