ಎರಡರ ಬಸ್ಸು ಹತ್ತದ ರೇವಣಸಿದ್ದಪ್ಪ ಕಾಕಾ

ಇಲ್ಲ... ನಂಬಲಿಕ್ಕೇ ಆಗ್ತಿಲ್ಲ.
ಬೆಳಿಗ್ಗೆ ಫ್ಯಾಕ್ಟರಿ ಗ್ರೂಪಿನಲ್ಲಿ ಮೆಸೇಜ್ ನೋಡಿ, ಬೇರೆ ಯಾರೋ ರೇವಣಸಿದ್ದಪ್ಪ ಇರಬೇಕು ಅಂದುಕೊಂಡೆ.
ನಮ್ಮ ಕಡೆ ಆ ಹೆಸರಿನವರು ಊರಿಗೆ ಹತ್ತು ಜನ.
ಆಮೇಲೆ ಪ್ಯಾಕಿಂಗ್ ವಿಭಾಗದ ಇಸ್ಮಾಯಿಲನ ಫೋನ್ ಬಂತು.
"ಮೇಡಂ... ಕಾಕಾ ಹೋದ್ರುರಿ."
ಅಷ್ಟೇ.

ಸೇಡಂನ ಮನೆಯಲ್ಲಿ, ಚಾ ಕುಡಿದು ಕೂತಲ್ಲೇ... ಹಾರ್ಟ್ ಅಟ್ಯಾಕ್ ಅಂತೆ.
ಹೋದ ವಾರವಷ್ಟೇ ಫೋನಿನಲ್ಲಿ ಕಾಡಿಸಿದ್ದರು.
"ರಿಟೈರ್ ಆದವರ ಮನೀಗಿ ಚಾಕ್ಕ ಬರಬಾರದಂತ ನಿಮ್ಮ ರೂಲ್ ಬುಕ್ಕಿನಾಗ ಅದ ಏನ್ರಿ ಮೇಡಂ?"
ಬರ್ತೀನಿ ಕಾಕಾ ಅಂದಿದ್ದೆ.
ಹೋಗಲಿಲ್ಲ...

ಗೊತ್ತಿಲ್ಲದವರಿಗೆ ಹೇಳ್ತೀನಿ.
ರೇವಣಸಿದ್ದಪ್ಪ ಕಾಕಾ ವಾಡಿ ಹತ್ತಿರದ ನಮ್ಮ ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಬೆಳಗಿನ ಶಿಫ್ಟಿನ ಫೋರ್‌ಮನ್ ಆಗಿದ್ದವರು. ಮೂಲ ಊರು ಆಡಕಿ. ಓದಿದ್ದು ಏಳನೇ ಕ್ಲಾಸು.
ನಾನು ಅಲ್ಲೇ ಹೆಚ್.ಆರ್. ಆಫೀಸರ್. ಓದಿದ್ದು ಎಂ.ಬಿ.ಎ.
ಈ ಎರಡು ಸಾಲು ಒಟ್ಟಿಗೆ ಬರೆಯಲು ಈಗ ನಾಚಿಕೆ ಆಗ್ತದೆ.

ನಮ್ಮ ಪ್ಯಾಕಿಂಗ್ ವಿಭಾಗ ಇಡೀ ಕಂಪನಿಯಲ್ಲಿ ಮೊದಲು. ಚೀಲ ಹರಿಯೋದು ಕಡಿಮೆ, ಲಾರಿ ಕಾಯೋದು ಕಡಿಮೆ.
ಬೇರೆ ಪ್ಲಾಂಟಿನಲ್ಲೂ ಇದೇ ಮಷೀನು, ಇದೇ ಪಗಾರ.
ಹೆಡ್ ಆಫೀಸಿನವರು ಬಂದು ಫೋಟೋ ಹೊಡೆದುಕೊಂಡು ಹೋಗ್ತಿದ್ದರು... ಮಷೀನಿಂದು.

ಅವರು ಫೋಟೋ ಹೊಡೆಯದ ಜಾಗ ಒಂದಿತ್ತು. ಗೋಡೆ ಪಕ್ಕದ ಶಹಾಬಾದ್ ಕಲ್ಲಿನ ಕಟ್ಟೆ.
ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬದಲಾದಾಗ ಹೋಗುವವರು, ಬರುವವರು ಹದಿನೈದು ನಿಮಿಷ ಅಲ್ಲಿ ಕೂತು, ಮಂಡಕ್ಕಿ ಸುಸಲಾ ತಿಂದು, ಚಾ ಕುಡಿದು ಮಾತಾಡ್ತಿದ್ದರು. ಕಾಕಾನೇ ಹಾಕಿದ ರೂಢಿ.
"ಮಷೀನಿನ ಮೂರನೇ ನಳಿಗಿ ಚೀಲ ಸರಿ ಕುಂದ್ರವಲ್ದು, ನೋಡ್ಕೋರಿ."
"ಶರಣಪ್ಪನ ಅವ್ವಗ ಆರಾಮಿಲ್ಲ. ಅವನ ಮನಸ್ಸು ಮನ್ಯಾಗ ಅದ. ಇವತ್ತ ಬೆಲ್ಟಿನ ಕೆಲಸಕ್ಕ ಹಚ್ಚಬ್ಯಾಡ್ರಿ."
ಇದನ್ನು ಯಾವ ರಿಜಿಸ್ಟರಿನಲ್ಲಿ ಬರೆಯೋದು, ಹೇಳಿ?

ನನಗೆ ಅದು ಹರಟೆಯಾಗಿ ಕಂಡಿತು.
ಎರಡೂ ಕಾಲಿಗೆ ಹೊರಡುವ ಕಂಪನಿ ಬಸ್ಸನ್ನು ಎರಡಕ್ಕೇ ಬಿಡಿಸಿದೆ. ಟೈಮ್ ಉಳಿತಾಯ! ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು.
ಕಟ್ಟೆ ಖಾಲಿ ಆಯಿತು.
ತಿಂಗಳೊಳಗೆ ಚೀಲ ಹರಿಯಲು ಶುರು... ಗೇಟಿನಾಚೆ ಲಾರಿಗಳ ಸಾಲು...
ನಾನು ಏನು ಮಾಡಿದೆ? ಮೋಟಿವೇಷನ್ ಟ್ರೇನಿಂಗ್ ಇಟ್ಟೆ. ಪಿಪಿಟಿ ಸಮೇತ.

ಆಗಲೇ ಕಣ್ಣಿಗೆ ಬಿತ್ತು, ಒಬ್ಬರು ಮಾತ್ರ ದಿನಾ ಅರ್ಧ ತಾಸು ತಡವಾಗಿ ಗೇಟು ದಾಟುತ್ತಾರೆ ಅಂತ.
ನೀವು ಕಾಕಾ...

ನಿಮಗೆ ಮೆಮೊ ಕೊಟ್ಟೆ ನಾನು. ನನ್ನ ಅಪ್ಪನ ವಯಸ್ಸಿನವರಿಗೆ.
"ಡ್ಯೂಟಿ ಮುಗಿದ ಮೇಲೂ ಒಳಗೆ ಉಳಿದದ್ದಕ್ಕೆ ಕಾರಣ ಬರೆದುಕೊಡಿ" ಅಂತ.
ನೀವು ಒಂದೇ ಸಾಲು ಬರೆದಿರಿ.
"ಹೇಳೋದು ಮುಗಿದಿರಲಿಲ್ಲ, ಅದಕ್ಕ ಹೋಗಿಲ್ಲ."
ಸೊಕ್ಕು ಅಂದುಕೊಂಡೆ ಕಾಕಾ. ಫೈಲಿಗೆ ಹಾಕಿದೆ.
ನೀವು ದಿನಾ ಬಸ್ಸು ತಪ್ಪಿಸಿಕೊಂಡು, ಬಂದ ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿ, ಆಮೇಲೆ ಟಂಟಂ ಆಟೋ ಹಿಡಿದು ವಾಡಿ ಸ್ಟೇಷನ್ನಿಗೆ ಹೋಗಿ, ಪ್ಯಾಸೆಂಜರ್ ರೈಲು ಕಾದು ಸೇಡಂ ಮುಟ್ಟುತ್ತಿದ್ದಿರಿ ಅಂತ ನನಗೆ ಗೊತ್ತಿರಲಿಲ್ಲ.
ಕೇಳಿದ್ದರೆ ತಾನೇ ಗೊತ್ತಾಗೋದು...

ಆ ದಿನ ಮರೆಯಲಿಕ್ಕಿಲ್ಲ.
ಸಿಕ್ಕಿಬಿದ್ದ ಚೀಲ ತೆಗೆಯಲು ನಿಮ್ಮವರು ಬೆಲ್ಟ್ ನಿಲ್ಲಿಸಿ, ಕೈ ಸಿಗದಂತೆ ರೋಲರಿನ ಮೇಲೆ ಹಾಕಿದ ಜಾಳಿಗೆ ಬಿಚ್ಚಿದ್ದರು. ಅಷ್ಟರಲ್ಲಿ ಎರಡಾಯಿತು. ರಿಜಿಸ್ಟರಿನಲ್ಲಿ ಬರೆದಿಟ್ಟು ಬಸ್ಸಿಗೆ ಓಡಿದರು.
ನೀವು ಬೋಲ್ಟ್ ತರಲು ಸ್ಟೋರಿಗೆ ಹೋಗಿದ್ದಿರಿ.
ಹೊಸ ಶಿಫ್ಟಿನವರು ರಿಜಿಸ್ಟರ್ ನೋಡದೆ ಬೆಲ್ಟ್ ಚಾಲೂ ಮಾಡಿದರು. ಅವರಲ್ಲೇ ಒಬ್ಬನಾದ ಇಸ್ಮಾಯಿಲ್ ಆ ರೋಲರಿನ ಹತ್ತಿರವೇ ಬಗ್ಗಿದ್ದ...
ನೀವು ಕೂಗಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಓಡಿ ಬಂದು ಬೆಲ್ಟ್ ನಿಲ್ಲಿಸುವ ಹಗ್ಗ ಎಳೆದಿರಿ.
ಇಸ್ಮಾಯಿಲನ ಅಂಗಿಯ ತೋಳು ಹೋಯಿತು. ಕೈ ಉಳಿಯಿತು.

ವಿಚಾರಣೆಯಲ್ಲಿ ತಪ್ಪು ನನ್ನದು ಅಂತ ನಾನೇ ಹೇಳಿದೆ. ನೌಕರಿ ಹೋಯಿತು ಅಂತಲೇ ಲೆಕ್ಕ.
ಕೈ ಮುಗಿದು ಎದ್ದು ನಿಂತಿರಿ ನೀವು.
"ಮೇಡಂ ಅವರಿಗಿ ಏನೂ ಅನಬ್ಯಾಡ್ರಿ ಸಾಹೇಬ್ರ. ಬಸ್ಸಿನ ಟೈಮ್ ಅವರಿಗಿ ಗೊತ್ತಿತ್ತು. ನಮ್ಮ ಮಾತಿನ ಟೈಮ್ ಅವರಿಗಿ ಯಾರ್ ಹೇಳಿದ್ರು? ನಾನೂ ಹೇಳಲಿಲ್ಲ. ನಂದೂ ತಪ್ಪದ."

ಅದೇ ವಾರ ಬಸ್ಸು ಮತ್ತೆ ಎರಡೂ ಕಾಲಿಗೆ ಬಂತು.
ಮೆಮೊ ಹರಿದು ಹಾಕ್ತೀನಿ ಕಾಕಾ ಅಂದೆ.
ನಕ್ಕುಬಿಟ್ಟಿರಿ. "ಇರಲಿ ಬಿಡ್ರಿ. ನಾ ಕೈಯಾರೆ ಬರದಿದ್ದು ಒಂದೇ ಕಾಗದ ಅದ ನಿಮ್ಮ ಆಫೀಸಿನಾಗ."
ಈಗ ಅದು ನನ್ನ ಮುಂದಿದೆ ಕಾಕಾ... ಅಕ್ಷರ ಕಾಣ್ತಿಲ್ಲ, ಕಣ್ಣು ತುಂಬಿದೆ.

ನನ್ನ ನೌಕರಿ ನಿಮ್ಮದು. ಇಸ್ಮಾಯಿಲನ ಕೈ ನಿಮ್ಮದು. ಹೊಸಬರು ಯಾರು ಬಂದರೂ ಮೊದಲ ದಿನ ಮಷೀನು ತೋರಿಸೋದಿಲ್ಲ ನಾನು, ಆ ಕಟ್ಟೆಗೆ ಕರೆದೊಯ್ದು ಕೂಡಿಸ್ತೀನಿ. ಅದೂ ನಿಮ್ಮದೇ.
ನಿಮಗೆ ಭಾಳ ಋಣಿ ಕಾಕಾ.

ಇವತ್ತು ಎರಡಕ್ಕೆ ನಾನೂ ಹೋಗಿ ಅಲ್ಲಿ ಕೂತೆ.
ಚಾ ಯಾರೂ ಮುಟ್ಟಿರಲಿಲ್ಲ.
ಈಗ ಇಸ್ಮಾಯಿಲನೇ ನಿಮ್ಮ ಜಾಗದಲ್ಲಿ ಫೋರ್‌ಮನ್. ಎದ್ದು ನಿಂತ. ಮುಖ ಒರೆಸಿಕೊಂಡು ಹೊಸ ಶಿಫ್ಟಿನವರಿಗೆ ಹೇಳಿದ...
"ಎರಡನೇ ಬೆಲ್ಟ್ ಒಂದು ಕಡೀಗಿ ಎಳೀಲಿಕತ್ತದ, ನೋಡ್ಕೋರಿ. ಮತ್ತ... ಇವತ್ತ ಯಾರ ಮನಸ್ಸೂ ಇಲ್ಲಿ ಇಲ್ಲ. ಒಬ್ಬರಿಗೊಬ್ಬರು ಸಂಭಾಳಿಸ್ಕೋರಿ."

ಬಸ್ಸು ಎರಡೂ ಕಾಲಿಗೆ ಹೊರಟಿತು.

ನೀವು ಹೇಳೋದು ಮುಗಿಸೀರಿ ಕಾಕಾ...
ಇನ್ನು ಆರಾಮಾಗಿ ಹೋಗಿ ಬರ್ರಿ. ಆ ಜೀವ ತಂಪಾಗಿರಲಿ. 🙏