ಒಂದೇ ದಿಂಬಿನ ಮನೆ

ತಪಾಸಣೆಗೆ ಬಂದ ಇಬ್ಬರೂ ಬೂಟು ಬಿಚ್ಚಲಿಲ್ಲ. ಒಬ್ಬ ಬಚ್ಚಲಿಗೆ ಹೋಗಿ ಹಲ್ಲುಜ್ಜುವ ಬ್ರಷ್ ಎಣಿಸಿದ. ಇನ್ನೊಬ್ಬ ಹೊದಿಕೆ ಎತ್ತಿ ಒಂಟಿ ಮಂಚದ ಫೋಟೊ ತೆಗೆದ. ಹಾಸಿಗೆಯ ನಟ್ಟನಡುವೆ ಒಂದೇ ಕುಳಿ. ದಿಂಬೂ ಒಂದೇ. ‘ಒಬ್ಬರೇ ಮಲಗುವ ಕುರುಹು’ ಎಂದು ಬರೆದುಕೊಂಡು ಹೋದರು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಆ ಮನೆಯಾಕೆಯನ್ನು ಇಸ್ತ್ರಿ ಅಕ್ಕ ಎನ್ನುತ್ತಾರೆ. ಅಲ್ಲಿ ಹಗಲು ಪಾಳಿ. ಗಂಡನದು ಬ್ರೆಡ್ಡಿನ ಭಟ್ಟಿಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಐದಕ್ಕೆ ಆಕೆ ಎದ್ದರೆ ಐದೂವರೆಗೆ ಅವನು ಬರುತ್ತಾನೆ. ಹತ್ತು ನಿಮಿಷ ಜೊತೆಗೆ ಚಹಾ, ಆಮೇಲೆ ಆಕೆ ಬಸ್ಸಿಗೆ, ಅವನು ಹಾಸಿಗೆಗೆ. ರಜೆಯ ರಾತ್ರಿಯೂ ಅವನಿಗೆ ನಿದ್ದೆ ಹತ್ತದು, ಕುರ್ಚಿಯಲ್ಲಿ ಕೂತು ರೇಡಿಯೊ ಕೇಳುತ್ತಾನೆ. ಹತ್ತೊಂಬತ್ತು ವರ್ಷದ ಸಂಸಾರ ಹೀಗೇ ನಡೆದಿದೆ. ಮಕ್ಕಳಿಲ್ಲ. ವಲಸೆ ಕಚೇರಿಯ ಕಡತದಲ್ಲಿ ಅದೂ ಒಂದು ಅನುಮಾನವಾಗಿ ದಾಖಲಾಗಿದೆ.

ಆಕೆ ಈ ನೆಲದಲ್ಲೇ ಹುಟ್ಟಿದವಳು, ಅವನು ಹೊರದೇಶದವನು. ನಾಗರಿಕಳ ಗಂಡನೆಂಬ ಕಾರಣಕ್ಕೆ ಅವನಿಗೆ ವಾಸದ ಪರವಾನಗಿ. ಎರಡು ವರ್ಷಕ್ಕೊಮ್ಮೆ ನವೀಕರಣ. ಮದುವೆ ಬರೀ ಕಾಗದದ್ದು ಎಂದು ತೀರ್ಮಾನವಾದರೆ ಅವನನ್ನು ಗಡಿಯಾಚೆ ಕಳಿಸುತ್ತಾರೆ.

“ಅಕ್ಕಾ, ಇನ್ನೊಂದು ದಿಂಬು ತಂದು ಹಾಕ್ಬಿಡು” ಎಂದಳು ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಿಸುವಾಗ ಇನ್ನೊಂದು ತುದಿ ಹಿಡಿಯುವ ಜೊತೆಗಾತಿ. “ವಿಚಾರಣೇಲಿ ಅವ್ರು ಎಡಕ್ಕೆ, ನಾನು ಬಲಕ್ಕೆ ಅನ್ನು. ಮುಗೀತು.”

“ನಿಜವಾಗಿ ಸಂಸಾರ ಮಾಡಿದೀನಿ ಕಣೇ. ಅದನ್ನ ಈಗ ನಾಟಕದ ಸೀನು ಥರ ಜೋಡಿಸ್ಲಾ?”

“ನಿಂಗೆ ಗಂಡ ಬೇಕೋ, ಹಠ ಬೇಕೋ?”

ಆ ಮಾತು ಮುಳ್ಳಿನಂತೆ ನಾಟಿತು. ಮರುದಿನ ಚಹಾದ ಹೊತ್ತಿನಲ್ಲಿ ಗಂಡನನ್ನೇ ಕೇಳಿದಳು: “ರೀ, ಎಡ-ಬಲ ಅಂತ ಹೇಳೋಣ್ವಾ?”

“ನನ್ನ ನಂಬ್ಕೋಬೇಡ ಕಣೇ. ಸುಳ್ಳು ಹೇಳಿದ್ರೆ ನಂಗೆ ಬಿಕ್ಕಳಿಕೆ ಬರುತ್ತೆ, ನೀನೇ ನೋಡಿದೀಯಲ್ಲ.”

ವಿಚಾರಣೆಯ ದಿನ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರು.

“ನಿಮ್ಮ ಯಜಮಾನ್ರು ಯಾವ ಬದಿ ಮಲಗ್ತಾರೆ?” ಅಧಿಕಾರಿ ಕೇಳಿದ.

“ಮಧ್ಯದಲ್ಲಿ.”

“ನೀವು?”

“ನಾನೂ ಮಧ್ಯದಲ್ಲೇ.”

ಅಧಿಕಾರಿ ನಕ್ಕ. “ಏನಮ್ಮಾ, ಒಬ್ಬರ ಮೇಲೊಬ್ಬರಾ?” ಪಕ್ಕದಲ್ಲಿ ಟೈಪು ಮಾಡುತ್ತಿದ್ದವನೂ ಕಿಸಕ್ಕೆಂದ.

ಆಕೆ ತಲೆ ತಗ್ಗಿಸಲಿಲ್ಲ. “ಪಾಳಿ ಮೇಲೆ ಮಲಗ್ತೀವಿ. ರಾತ್ರಿ ನಾನು, ಹಗಲು ಅವ್ರು. ನಿಮ್ಮ ಆಸ್ಪತ್ರೆ ಹಾಸಿಗೆಗೆ ಬಟ್ಟೆ ಬೇಕು, ಬೆಳಿಗ್ಗೆ ನಿಮ್ಮ ತಟ್ಟೆಗೆ ಬ್ರೆಡ್ಡು ಬೇಕು. ಇಬ್ಬರೂ ಒಟ್ಟಿಗೆ ಮಲಗಿದ್ರೆ ಆ ಕೆಲಸ ಯಾರು ಮಾಡ್ತಾರೆ?”

ಸಹಿಗೆ ಬಂದ ಹೇಳಿಕೆಯಲ್ಲಿ ಒಂದೇ ಸಾಲು: ‘ದಂಪತಿ ಹಾಸಿಗೆ ಹಂಚಿಕೊಳ್ಳುವುದಿಲ್ಲ.’

ಆಕೆ ಪೆನ್ನನ್ನು ಮೇಜಿನಾಚೆಗೆ ತಳ್ಳಿದಳು. “ಇದು ನನ್ನ ಮಾತಲ್ಲ. ತಿದ್ದಿ.”

“ಅರ್ಥ ಒಂದೇ ಅಲ್ವೇನಮ್ಮಾ?”

“ಒಂದೇ ಆದ್ರೆ ನನ್ನ ಮಾತನ್ನೇ ಬರೀರಿ. ತಪ್ಪಿದ್ರೆ ತಿದ್ದಿಸಿಯೇ ಸಹಿ ಹಾಕೋ ಹಕ್ಕಿದೆ ಅಂತ ನಿಮ್ಮ ನೋಟಿಸಿನ ಹಿಂದೆ ಸಣ್ಣಕ್ಷರದಲ್ಲಿದೆ. ಓದ್ಕೊಂಡೇ ಬಂದಿದೀನಿ.”

“ಹೊರಗೆ ಜನ ಕಾಯ್ತಿದಾರೆ.”

“ಕಾಯ್ಲಿ. ಅವ್ರನ್ನೂ ಇದನ್ನೇ ಕೇಳ್ತೀರಲ್ಲ.”

ಮುಕ್ಕಾಲು ಗಂಟೆ ಹಿಡಿಯಿತು. ಪಾಳಿ, ಬ್ರೆಡ್ಡು, ಚಹಾ, ಎಲ್ಲ ಬರೆಸಿದ ಮೇಲೆ ಸಹಿ ಹಾಕಿದಳು. ಆಚೆ ಕೋಣೆಯಲ್ಲಿ ಗಂಡನೂ ‘ಮಧ್ಯದಲ್ಲಿ’ ಎಂದೇ ಹೇಳಿದ್ದ. ಬಿಕ್ಕಳಿಕೆ ಬಂದಿರಲಿಲ್ಲ.

ತಿಂಗಳ ನಂತರ ಪತ್ರ ಬಂತು. ಪರವಾನಗಿ ಸಿಕ್ಕಿತ್ತು, ಆದರೆ ಎರಡು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ. ‘ಮನೆಯ ಮರುತಪಾಸಣೆಗೆ ಒಳಪಟ್ಟು’.

“ಗೆದ್ದೆ ಬಿಡಕ್ಕ!” ಎಂದಳು ಜೊತೆಗಾತಿ, ಹಾಸುಬಟ್ಟೆಯ ತುದಿ ಹಿಡಿಯುತ್ತಾ.

“ಏನೇ ಗೆದ್ದಿದ್ದು? ಬೂಟು ಹಾಕ್ಕೊಂಡು ನನ್ನ ಹಾಸಿಗೆ ಎತ್ತಿ ನೋಡೋಕೆ ಮತ್ತೆ ಬರ್ತಾರೆ. ಬರ್ಲಿ. ಆಗ್ಲೂ ಒಂದೇ ದಿಂಬು ಇರುತ್ತೆ.”

ಇಸ್ತ್ರಿ ಅಕ್ಕ ತನ್ನ ತುದಿಯನ್ನು ಎಳೆದ ರಭಸಕ್ಕೆ ಜೊತೆಗಾತಿ ಎರಡು ಹೆಜ್ಜೆ ಮುಗ್ಗರಿಸಿದಳು.