ಕೊನೆಯ ನುಡಿ ಕತ್ತರಿಸಿದ ಹಾಡು

ನಾನಿನ್ನೂ ಬದುಕಿರುವಾಗಲೇ ನನ್ನ ಹಾಡನ್ನು ಜಾನಪದ ಮಾಡಿಬಿಟ್ಟರು. ಇದನ್ನು ನಗುನಗುತ್ತ ಹೇಳು ಎನ್ನುತ್ತಾರೆ ಗೆಳತಿಯರು. ನನಗೆ ನಗು ಬರುವುದಿಲ್ಲ. ಇಷ್ಟು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ.

ನಮ್ಮದು ಗಜೇಂದ್ರಗಡದಲ್ಲಿ ಗಾದಿ ಹೊಲಿಯುವ ಮನೆ. ಹತ್ತಿ ಹಿಂಜುವಾಗ ಅಪ್ಪನ ಕಮಾನಿನ ತಂತಿಯಿಂದ ಏಳುತ್ತಿದ್ದ ಸದ್ದೇ ನಾನು ಕೇಳಿದ ಮೊದಲ ವಾದ್ಯ. ಮುಂದೆ ನಾನು ಹುಬ್ಬಳ್ಳಿಯಿಂದ ಯಾರೋ ಬಳಸಿ ಬಿಟ್ಟ ಗಿಟಾರ್ ತಂದಾಗ ಅಪ್ಪ ತಂತಿ ಮೀಟಿ ನೋಡಿ, "ನಮ್ಮ ಕಮಾನಿನಷ್ಟು ಗಟ್ಟಿ ಇಲ್ಲ ಬಿಡವಾ ಇದು" ಎಂದು ಮತ್ತೆ ಹತ್ತಿಯ ಮುಂದೆ ಕುಳಿತ.

ಹಾಡು ಕಟ್ಟುವ ಚಾಳಿ ಬಂದದ್ದು ಅಜ್ಜನಿಂದ. ಮೊಹರಂ ಬಂತೆಂದರೆ ಅಜ್ಜ ನರೇಗಲ್, ಜಕ್ಕಲಿ ಎಂದು ತಿರುಗಿ ಕರ್ಬಲದ ಕಥೆ ಹೇಳುವ ರಿವಾಯತ ಪದ ಹಾಡುತ್ತಿದ್ದ. ಅವನೇ ಕಟ್ಟಿದ ಕನ್ನಡದ ಪದಗಳು. ಅವಕ್ಕೊಂದು ಕಟ್ಟಳೆಯಿತ್ತು. ಕೊನೆಯ ನುಡಿಯಲ್ಲಿ ಕಟ್ಟಿದವನ ಊರು, ಗುರುತು ಬರಲೇಬೇಕು. ಅಜ್ಜನಿಗೆ ಕಾಗದದ ಮೇಲೆ ರುಜು ಹಾಕಲು ಬರುತ್ತಿರಲಿಲ್ಲ, ಆ ನುಡಿಯೇ ಅವನ ರುಜು.

ನಾನು ರೋಣದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೊರಗಿನಿಂದ ಕಿಟಕಿಯೊಳಗೆ ದಸ್ತಿ, ಅಂದರೆ ಕರವಸ್ತ್ರ, ಎಸೆದರೆ ಆ ಸೀಟು ಎಸೆದವರದು, ಇದು ನಮ್ಮ ಕಡೆಯ ರಿವಾಜು. ಒಂದು ಬೆಳಿಗ್ಗೆ ನಾನು ದಸ್ತಿ ಎಸೆದು ಒಳಗೆ ಹೋಗುವಷ್ಟರಲ್ಲಿ ದೊಡ್ಡ ಮೀಸೆಯವನೊಬ್ಬ ಅಲ್ಲಿ ಕುಳಿತಿದ್ದ. "ದಸ್ತಿ ಬಿದ್ದಿತ್ತು, ತಗೋ ತಂಗಿ" ಎಂದು ನನ್ನ ಕೈಗೇ ಕೊಟ್ಟ! ಸಿಟ್ಟಿನಲ್ಲಿ ರೋಣದವರೆಗೂ ನಿಂತೇ ಹೋದೆ. ಇಳಿಯುವಷ್ಟರಲ್ಲಿ ಹಾಡು ಸಿದ್ಧವಾಗಿತ್ತು. "ದಸ್ತಿ ಹಾಕೇನಿ ಕಿಟಕ್ಯಾಗ, ನನ್ನ ಸೀಟು ನನಗಿಲ್ಲ" ಎಂದು ಶುರುವಾಗಿ, ಅಜ್ಜನ ಕಟ್ಟಳೆಯಂತೆ ಹೀಗೆ ಮುಗಿಯುತ್ತಿತ್ತು:

ಗಜೇಂದ್ರಗಡದ ಗಾದಿ ಮನಿಯಾಕಿ
ನಿಂತಽ ಕಟ್ಯಾಳ ಈ ಹಾಡ.

ಕಾಲೇಜಿನ ಹುಡುಗಿಯರು ಬರೆದುಕೊಂಡರು, ಇದನ್ನು ರೆಕಾರ್ಡ್ ಮಾಡಿಸು ಎಂದರು. ಅವರ ಮಾತು ನಂಬಿ ಗಿಟಾರ್ ಹೊತ್ತು ನರಗುಂದಕ್ಕೆ ಹೋದೆ. ಕ್ಯಾಸೆಟ್ ಹೋಗಿ ಸಿ.ಡಿ. ಬರುತ್ತಿದ್ದ ಕಾಲ ಅದು. ಅಲ್ಲಿ ಅಂಗಡಿಯ ಹಿಂದಿನ ಕೋಣೆಗೆ ಗೋಣಿಚೀಲ ಬಡಿದು ರೆಕಾರ್ಡಿಂಗ್ ಮಾಡುತ್ತಿದ್ದ ಒಬ್ಬ ಮಾಲೀಕನಿದ್ದ. ಹಾಡು ಕೇಳಿ ತಲೆ ತುರಿಸಿಕೊಂಡ.

"ಇದು ಭಾವಗೀತೀನೂ ಅಲ್ಲ, ಸಿನಿಮಾದ್ದೂ ಅಲ್ಲ. ಯಾವ ಖಾನೇದಾಗ ಇಡೂದವಾ ಇದನ್ನ?"

"ಹೊಸಾದ್ರಿ. ಹೊಸಾ ಖಾನೇ ಮಾಡ್ರಿ."

ನಕ್ಕ. ಹಾಡಿಸಿದ. ಕೊನೆಯ ನುಡಿ ಬಂದಾಗ ಕೈ ಎತ್ತಿ ನಿಲ್ಲಿಸಿದ. "ಊರ ಹೆಸರು ಬ್ಯಾಡ. ಬ್ಯಾರೆ ಊರಾಗ ಓಡಂಗಿಲ್ಲ. ಆ ಬಾಲ ಕೊಯ್ದು ಹಾಡು."

ನಾನು ಕೊಯ್ದು ಹಾಡಿದೆ. ಯಾರೂ ಚಾಕು ತೋರಿಸಿರಲಿಲ್ಲ. ನನ್ನ ದನಿ ಪೆಟ್ಟಿಗೆಯಿಂದ ಬರುತ್ತದೆಂಬ ಹಿಗ್ಗಿನಲ್ಲಿ ನಾನೇ ಕೊಯ್ದೆ. ಅವನ ಮೇಲಿನ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ನನಗೆ ನನ್ನ ಮೇಲಿದೆ. ಮನೆಗೆ ಬಂದು ಹೇಳಿದಾಗ ಅಜ್ಜ, "ಗುರುತು ತಗದ ಮ್ಯಾಲೆ ನಿಂದು ಅಂತ ಹ್ಯಾಂಗ ಹೇಳ್ತಿ?" ಎಂದ. ನಾನು ರೇಗಿದೆ. ಈಗಿನ ಕಾಲದಲ್ಲಿ ಅದೆಲ್ಲ ನಡೆಯುವುದಿಲ್ಲ ಎಂದು ಅವನಿಗೇ ಪಾಠ ಹೇಳಿದೆ.

ನಾಲ್ಕು ತಿಂಗಳಿಗೆ ಸಿ.ಡಿ. ಬಂತು. ನನ್ನ ಗಿಟಾರ್ ಇರಲಿಲ್ಲ, ಧಡಧಡ ಡೋಲು ಇತ್ತು. ನನ್ನ ದನಿಯೂ ಇರಲಿಲ್ಲ, ಬೇರೆ ಯಾವಳೋ ಹಾಡಿದ್ದಳು. ಹೊದಿಕೆಯ ಮೇಲೆ ಹೀಗೆ ಅಚ್ಚಾಗಿತ್ತು: "ಸಾಹಿತ್ಯ, ಸಂಗೀತ: ಜಾನಪದ." ಮರುದಿನವೇ ನರಗುಂದಕ್ಕೆ ಹೋಗಿ ಅವನ ಮೇಜು ಗುದ್ದಿ ಕೇಳಿದೆ. ಅವನು ಚಹಾ ಕುಡಿಯುವುದನ್ನೂ ನಿಲ್ಲಿಸಲಿಲ್ಲ.

"ಜಾನಪದ ಇದ್ದಂಗ ಐತಿ ಅಂದ್ರ ಖುಷಿ ಪಡಬೇಕವಾ. ಅಲ್ಲಾ, ನಿಂದು ಅಂತ ಅದರಾಗ ಎಲ್ಲೈತಿ?"

ಅಜ್ಜ ಕೇಳಿದ ಪ್ರಶ್ನೆಯೇ! ಕಳ್ಳನ ಬಾಯಿಂದ ಅದನ್ನು ಕೇಳಿ ಬಸ್ಸು ಹತ್ತಿದೆ.

ಆ ವರ್ಷ ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ "ಈಗ ಒಂದು ಜಾನಪದ ನೃತ್ಯ" ಎಂದು ಕೂಗಿದರು. ಆರು ಹುಡುಗಿಯರು ದಸ್ತಿ ಬೀಸುತ್ತ ನನ್ನ ಹಾಡಿಗೆ ಕುಣಿದರು. ನಾನು ವೇದಿಕೆಯ ಪಕ್ಕದ ಪರದೆಯ ಹತ್ತಿರ ನಿಂತಿದ್ದೆ. ಸಿ.ಡಿ. ನಿಂತ ಕೂಡಲೇ ವೇದಿಕೆಗೆ ನುಗ್ಗಿ, ಮೈಕು ಕಿತ್ತುಕೊಂಡು, ಕೊಯ್ದ ಎರಡು ಸಾಲನ್ನು ಹಾಡಿದೆ. ಕಾರ್ಯಕ್ರಮ ನಡೆಸುತ್ತಿದ್ದ ಸರ್ ಓಡಿ ಬಂದು ಮೈಕು ಕಸಿದರು.

"ಚಲೋ ಜಾನಪದಾನ ಯಾಕ ಕೆಡಸ್ತಿ? ಮೂಲದಾಗ ಈ ನುಡಿ ಇಲ್ಲ!"

"ಮೂಲ ನಾನಽ ಅದೀನ್ರಿ ಸರ್."

ಜನ ಗೊಳ್ಳೆಂದು ನಕ್ಕರು. ಸರ್ ಕೂಡ ನಕ್ಕರು. ನನ್ನ ತೋಳು ಹಿಡಿದು ಮೆಟ್ಟಿಲು ಇಳಿಸಿದರು.

ಆಮೇಲೂ ಗಿಟಾರ್ ಬಿಡಲಿಲ್ಲ. ಸಣ್ಣ ಸಭೆಗಳಲ್ಲಿ, ಮದುವೆಯ ಹಂದರಗಳಲ್ಲಿ, ಹತ್ತು ಜನರ ಮುಂದೆಯೂ ನನ್ನ ಹಾಡುಗಳನ್ನೇ ಹಾಡಿದೆ. ಆದರೆ ಕಟ್ಟಳೆ ಬುಡಮೇಲು ಮಾಡಿದೆ. ಊರಿನ ನುಡಿಯನ್ನೇ ಮೊದಲು ಹಾಡುತ್ತೇನೆ, ಹಾಡಿನ ನಡುವೆ ಹಾಡುತ್ತೇನೆ, ಕೊನೆಯಲ್ಲೂ ಹಾಡುತ್ತೇನೆ. ಮೊದಲ ಸಲ ಮನೆಯಲ್ಲಿ ಹಾಗೆ ಹಾಡಿದಾಗ ಕಟ್ಟಳೆ ಕೆಡಿಸಿದಳೆಂದು ಅಜ್ಜ ಬೈಯಬಹುದೆಂದು ಹೆದರಿದ್ದೆ. ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕೇಳಿದ.

"ಚಲೋ ಮಾಡಿದಿ" ಎಂದ. "ಇನ್ನ ಕೊಯ್ಯೂದಿದ್ರ ಬಾಲ ಅಲ್ಲ, ಹಾಡಿನ ಕುತ್ಗೀನಽ ಕೊಯ್ಲಿ."